ಬರೀ ಗಾಜಿನ ಬೆಳಕು

ಬಸ್ಸಿಗೆ ಕಾಯುವ ಸಾಲಿನಲ್ಲಿ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿಯ ಮುಖ ಬಾಡಿಹೋಗಿತ್ತು.

“ಲ್ಯಾಬಲ್ಲಿ ಗಾಜಿನ ಮೇಲೆ ಜಿಂಕ್ ಆಕ್ಸೈಡಿನ ನ್ಯಾನೋ ಕಡ್ಡಿ ಬೆಳೆಸ್ತಿದ್ನಲ್ಲ ಅಕ್ಕಾ, ಕಣ್ಣಿಗೂ ಕಾಣದಷ್ಟು ಸಣ್ಣವು?”

“ಹೂಂ. ನೀಲಿ ಬೆಳಕು ಕೊಡ್ತವೆ ಅಂತ ಮನೇಲೆಲ್ಲಾ ಕುಣಿದಾಡಿದ್ದೆ.”

“ಇವತ್ತು ಬರೀ ಗಾಜು ಇಟ್ಟು ನೋಡ್ದೆ. ಅದೂ ಅದೇ ಬೆಳಕು ಕೊಡ್ತು.”

“ಹಾಗಾದ್ರೆ ಅದು ಕಡ್ಡೀದಲ್ವಾ?”

“ಅಲ್ಲ. ಇಷ್ಟು ವರ್ಷ ಗಾಜಿನ ಬೆಳಕನ್ನೇ ಅಳೀತಿದ್ದೆ.”

“ನಿಮ್ಮ ಮೇಷ್ಟ್ರಿಗೆ ಹೇಳಿದ್ಯಾ?”

“ಹೇಳೋಕೇ ಹೋದೆ. ಅದೇ ಬೆಳಕಿನ ಗ್ರಾಫಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತಿದ್ರು. ‘ಸರಿಯಾದ ಹೊತ್ತಿಗೆ ಬಂದೆ, ಮೊಳೆ ಹಿಡ್ಕೋಮ್ಮ’ ಅಂದ್ರು.”

“ನೀನೇನ್ ಮಾಡ್ದೆ?”

“ಹಿಡ್ಕೊಂಡೆ. ಆಮೇಲೆ ಸೊಟ್ಟ ಇದೆ ಅಂದ್ರು, ನೇರಾನೂ ಮಾಡ್ದೆ.”

ಬಸ್ಸು ಬಂತು. ಅಕ್ಕ ತಂಗಿಯ ಚೀಲವನ್ನೂ ತಾನೇ ಹೊತ್ತುಕೊಂಡು ಹತ್ತಿದಳು.