ಕೇಳಬಾರದ್ದನ್ನು ಕೇಳಿದ ಗುರುದೇವಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ನನ್ನನ್ನು ಇಲ್ಲಿಗೆ ಕರೆತಂದ ಕುಸುಮಾ ಮೇಡಂ ಅವರೇ, ಇಂದು ಪದವಿ ಮುಗಿಸಿ ಹೊರಡುತ್ತಿರುವ ಮಕ್ಕಳೇ, ದೂರದ ಊರುಗಳಿಂದ ಬಂದಿರುವ ತಂದೆತಾಯಿಗಳೇ, ಹಾಗೂ ಹಿಂದಿನ ಸಾಲಿನಲ್ಲಿ ಊಟದ ಮನೆಯ ಕಡೆಗೇ ಕಣ್ಣಿಟ್ಟು ಕುಳಿತಿರುವ ನನ್ನ ಪ್ರಿಯ ಸಭಿಕರೇ.

ನನ್ನ ಹೆಸರು ನಂಜುಂಡಪ್ಪ. ಕುರುಬರಹಳ್ಳಿಯವನು. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅದರಲ್ಲಿ ಹನ್ನೆರಡು ವರ್ಷ ಕೆಂಗೇರಿ ರೂಟು. ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷನಾದೆ. ಹಾಗಾಗಿ ಭಾಷಣ ನನಗೆ ಹೊಸದಲ್ಲ. ನನ್ನ ಕೈಗೆ ಮೈಕು ಕೊಟ್ಟು ಆಮೇಲೆ ಪಶ್ಚಾತ್ತಾಪ ಪಟ್ಟವರು ಮಹಾಲಕ್ಷ್ಮಿ ಲೇಔಟಿನಿಂದ ಹೊಸಹಳ್ಳಿಯವರೆಗೂ ಸಿಗುತ್ತಾರೆ.

ಕುಸುಮಾ ಮೇಡಂ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ‘ರೋಗಿಯ ಅನುಭವ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ನಾಲ್ಕು ಪುಟ ಬರೆದುಕೊಂಡೂ ಬಂದಿದ್ದೇನೆ. ಆದರೆ ಇಲ್ಲಿ ಬಂದು ಕುಳಿತು, ಮೊದಲನೇ ಸಾಲಿನಲ್ಲಿರುವ ಒಬ್ಬ ತಾಯಿಯ ಮುಖ ನೋಡಿದ ಮೇಲೆ ಆ ನಾಲ್ಕು ಪುಟ ಜೇಬಿನಲ್ಲೇ ಇರಲಿ ಅನ್ನಿಸುತ್ತಿದೆ.

ಹೋದ ವರ್ಷದ ಹಿಂದಿನ ವರ್ಷ, ಯುಗಾದಿ ಕಳೆದ ವಾರ, ನನಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. “ಪುಣ್ಯಾತ್ಮ ನೀನು, ಹೋಗಿದ್ದು ಎಡಗೈ. ಬಲಗೈ ಉಳೀತಲ್ಲ, ಊಟ ಮಾಡಬಹುದು, ಬರೀಬಹುದು.” ನಾನೂ ಹೌದೆಂದು ತಲೆಯಾಡಿಸಿದೆ. ಎಡಗೈ ಏನು ಮಾಡುತ್ತದೆ ಎಂದು ಯಾರಾದರೂ ಯೋಚಿಸಿದರೇ? ನಾನೇ ಯೋಚಿಸಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೇ ಬೆಳಗ್ಗೆ ಗೊತ್ತಾಯಿತು.

ಸಭಿಕರೇ, ಇದು ವೇದಿಕೆಯ ಮೇಲೆ ಆಡುವ ಮಾತಲ್ಲ. ಆದರೂ ಆಡುತ್ತೇನೆ. ನನ್ನ ಹೆಂಡತಿ ವಿಮಲಮ್ಮನವರನ್ನು ನಿನ್ನೆ ಕೇಳಿದೆ, “ಅಗತ್ಯ ಬಿದ್ರೆ ಹೇಳ್ಲಾ?” ಎಂದು. “ಹೇಳಿ, ಉದ್ದ ಮಾತ್ರ ಎಳೀಬೇಡಿ” ಎಂದರು. ವಿಷಯ ಇಷ್ಟೇ. ಕಕ್ಕಸಿಗೆ ಹೋದರೆ ತೊಳೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಬಲಗೈ ಊಟದ ಕೈ. ಅದನ್ನು ಅಲ್ಲಿಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ. ಒಪ್ಪಿದ್ದರೂ, ಒಂದೇ ಕೈಯಲ್ಲಿ ಮಗ್ಗು ಹಿಡಿದು ಬೀಳದೆ ಬಗ್ಗುವ ಶಕ್ತಿ ಇರಲಿಲ್ಲ. ವಿಮಲಮ್ಮ ತೊಳೆಯುತ್ತಿದ್ದರು. ಮೂವತ್ತೊಂದು ವರ್ಷ ತುಂಬಿದ ಬಸ್ಸಿನಲ್ಲಿ “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಗದರಿದ ಮನುಷ್ಯ, ಪುಟ್ಟ ಮಗುವಿನ ಹಾಗೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ನಾನು ಸಂಜೆಯ ಊಟ ಬಿಟ್ಟೆ. ಹೊಟ್ಟೆ ಖಾಲಿ ಇದ್ದರೆ ಆ ಕೆಲಸ ಕಡಿಮೆಯಲ್ಲವೇ? ಸಂಘದ ಸಭೆಗೆ ಹೋಗುವುದನ್ನು ನಿಲ್ಲಿಸಿದೆ. ಬಂದವರಿಗೆಲ್ಲ ಕಾಲುನೋವು ಎಂದೆ.

ನರರೋಗದ ಡಾಕ್ಟರು ಚೀಟಿಯಲ್ಲಿ ಆಕ್ಯುಪೇಷನಲ್ ಥೆರಪಿ ಎಂದು ಬರೆದುಕೊಟ್ಟರು. ಅದೇನೆಂದು ನಮ್ಮ ಸಂಘದ ಕಾರ್ಯದರ್ಶಿ ಚನ್ನವೀರೇಶನನ್ನು ಕೇಳಿದೆ. “ಆಕ್ಯುಪೇಷನ್ ಅಂದ್ರೆ ಉದ್ಯೋಗ ಅಲ್ವಾ, ಏನೋ ಕೆಲಸ ಕೊಡಿಸ್ತಾರೆ ಅನ್ಸುತ್ತೆ” ಎಂದ. ರಿಟೈರಾದವನಿಗೆ ಮತ್ತೆ ಡ್ಯೂಟಿಯೇ ಎಂದು ನಾನು ಹೆದರಿದೆ. ಹಾಗೆ ಹೆದರಿಕೊಂಡೇ ನಿಮ್ಮ ಕಾಲೇಜಿನ ಚಿಕಿತ್ಸಾ ಕೇಂದ್ರಕ್ಕೆ ಬಂದೆ.

ಅಲ್ಲಿ ನನ್ನನ್ನು ಒಪ್ಪಿಸಿದ್ದು ಕೊನೆಯ ವರ್ಷದ ವಿದ್ಯಾರ್ಥಿನಿ ಗುರುದೇವಿಗೆ. ವಿಜಯಪುರದ ಕಡೆಯ ಹುಡುಗಿ. ಕುಸುಮಾ ಮೇಡಂ ಅವಳಿಗೆ ಕಲಿಸುವವರು. ಗುರುದೇವಿಯ ಕನ್ನಡ ಮೊದಲ ದಿನ ನನಗೆ ಅರ್ಧ ತಿಳಿಯಲಿಲ್ಲ. ನನ್ನ ಕನ್ನಡ ಅವಳಿಗೆ ಪೂರ್ತಿ ತಿಳಿಯಿತು. ಅಂಗಿಯ ಗುಂಡಿ ಹಾಕುವುದು, ಬಟಾಣಿ ಸುಲಿಯುವುದು, ಡಬ್ಬದ ಮುಚ್ಚಳ ತೆಗೆಯುವುದು, ಎಲ್ಲ ಮಾಡಿಸಿದಳು. ಪ್ರತಿ ಸಲವೂ ಕೇಳುತ್ತಿದ್ದಳು, “ಸರ್, ಮನ್ಯಾಗ ನಿಮಗ ಯಾವ ಕೆಲಸ ಭಾಳ ತ್ರಾಸ ಆಗ್ತೈತ್ರಿ?” ನಾನು ಪ್ರತಿ ಸಲವೂ “ಏನೂ ಇಲ್ಲಮ್ಮ” ಎನ್ನುತ್ತಿದ್ದೆ.

ನಾಲ್ಕನೇ ತಿಂಗಳಲ್ಲಿ ಮನೆ ನೋಡಲು ಬಂದಳು. ಅದೂ ಕಲಿಕೆಯ ಒಂದು ಭಾಗವಂತೆ. ಮೆಟ್ಟಿಲು, ಮಂಚ, ಅಡುಗೆಮನೆ ಎಲ್ಲ ಅಳತೆ ಹಿಡಿದಳು. ಬಚ್ಚಲಿಗೆ ಹೋದವಳು ತುಂಬ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ನಾನು ಚನ್ನವೀರೇಶನ ಜೊತೆ ಕಾಫಿ ಕುಡಿಯುತ್ತಾ ಕುಳಿತಿದ್ದೆ. ವಿಮಲಮ್ಮ ತಟ್ಟೆ ಹಿಡಿದು ನಿಂತಿದ್ದರು. ಗುರುದೇವಿ ನೇರವಾಗಿ ಕೇಳಿದಳು:

“ಸರ್, ಕಕ್ಕಸಕ್ಕ ಹೋದಾಗ ತೊಳಕೊಳ್ಳೂದು ಹೆಂಗ್ರಿ? ಎಡಗೈ ಏಳೂದಿಲ್ಲ. ಯಾರು ತೊಳೀತಾರ?”

ಚನ್ನವೀರೇಶ ಕಾಫಿ ಲೋಟದೊಳಗೆ ನೋಡತೊಡಗಿದ. ನನಗೆ ಮೈಯೆಲ್ಲ ಉರಿಯಿತು. “ಹೋಗಮ್ಮ ಆಚೆ” ಎಂದು ಕೂಗಿದೆ. ಅವಳು ಅಳತೆಯ ಟೇಪನ್ನೂ ಬಿಟ್ಟು ಹೋದಳು.

ಅವತ್ತೇ ಮಧ್ಯಾಹ್ನ ನಿಮ್ಮ ಪ್ರಾಂಶುಪಾಲರಿಗೆ ಒಂದು ದೂರು ಬರೆದೆ. ಬಲಗೈ ಚೆನ್ನಾಗಿತ್ತಲ್ಲ! ಸಂಘದ ಲೆಟರ್‌ಹೆಡ್ಡಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಅಧ್ಯಕ್ಷರ ಮೊಹರು ಒತ್ತಿ ಬರೆದೆ. “ಸದರಿ ವಿದ್ಯಾರ್ಥಿನಿಯು ಹಿರಿಯರ ಸಮ್ಮುಖದಲ್ಲಿ ಅಸಭ್ಯವಾಗಿ ವರ್ತಿಸಿರುತ್ತಾಳೆ” ಎಂಬ ವಾಕ್ಯ ನನಗೆ ಬಹಳ ಹಿಡಿಸಿತು. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಚನ್ನವೀರೇಶನ ಕೈಲಿ ಕಳಿಸಿಬಿಟ್ಟೆ.

ಮೂರು ವಾರ ಯಾರೂ ಬರಲಿಲ್ಲ. ಆಮೇಲೆ ಒಂದು ಶನಿವಾರ ಕುಸುಮಾ ಮೇಡಂ ಬಂದರು. “ನಿಮ್ಮ ದೂರು ಓದಿದೆ ಸರ್. ಗುರುದೇವಿ ಕ್ಷಮೆ ಕೇಳೋಕೆ ಬಂದಿದಾಳೆ, ಮೆಟ್ಟಿಲ ಹತ್ರ ನಿಂತಿದಾಳೆ. ನೀವು ಒಪ್ಪಿದ್ರೆ ಮಾತ್ರ ಒಳಗೆ ಬರ್ತಾಳೆ” ಎಂದರು. ದೊಡ್ಡ ಮನಸ್ಸು ಮಾಡಿದವನ ಹಾಗೆ “ಬರಲಿ” ಎಂದೆ.

ಅವಳು ಬಂದಳು. ಕೂರಲಿಲ್ಲ.

“ಸರ್, ಮಂದಿ ಮುಂದ ಕೇಳಿದ್ದು ನನ್ನ ತಪ್ಪು. ಕ್ಷಮಿಸ್ರಿ. ಆದ್ರ ಆ ಪ್ರಶ್ನೆ ತಪ್ಪಲ್ರೀ. ನೀವು ಹೂಂ ಅಂದ್ರ ಈಗೂ ಕೇಳ್ತೀನಿ. ಬ್ಯಾಡಂದ್ರ ಹೋಗ್ತೀನಿ.”

ಸಭಿಕರೇ, ಇಪ್ಪತ್ತೆರಡು ವರ್ಷದ ಹುಡುಗಿ. ತನ್ನ ಮೇಲೆ ದೂರು ಕೊಟ್ಟವನ ಮುಂದೆ ನಿಂತಿದ್ದಾಳೆ. ಪೂರ್ತಿ ತಪ್ಪು ಒಪ್ಪಿಕೊಂಡಿದ್ದರೆ ಕೆಲಸ ಸುಲಭವಾಗಿ ಮುಗಿಯುತ್ತಿತ್ತು. ಅರ್ಧ ಮಾತ್ರ ಒಪ್ಪಿಕೊಂಡಳು, ಎಷ್ಟು ತನ್ನದೋ ಅಷ್ಟು. ನಾನು ಇಷ್ಟು ವರ್ಷದ ಸಂಘಜೀವನದಲ್ಲಿ ಅಂಥ ಕ್ಷಮಾಪಣೆ ಕೇಳಿಲ್ಲ, ಕೊಟ್ಟೂ ಇಲ್ಲ.

ಅಡುಗೆಮನೆಯ ಬಾಗಿಲಿನಿಂದ ಉತ್ತರ ಬಂತು. “ನಾನೇ ತೊಳೀತೀನಮ್ಮ” ಎಂದರು ವಿಮಲಮ್ಮ. “ಅದು ನಂಗೆ ಕಷ್ಟ ಅಲ್ಲ. ಆಮೇಲೆ ಇವರು ಮಧ್ಯಾಹ್ನದವರೆಗೂ ನನ್ನ ಮುಖ ನೋಡಲ್ಲ. ಅದು ಕಷ್ಟ.”

ಐದು ತಿಂಗಳಿಂದ ಆ ಮಾತು ನಮ್ಮ ಮನೆಯೊಳಗೇ ಇತ್ತು. ನಾನು ಕೇಳಿರಲಿಲ್ಲ.

ಆಮೇಲೆ ಗುರುದೇವಿ ಒಂದೊಂದಾಗಿ ಹೇಳಿದಳು. ಆ ಮೂರು ವಾರ ಅವಳನ್ನು ಯಾವ ರೋಗಿಯ ಹತ್ತಿರವೂ ಬಿಟ್ಟಿರಲಿಲ್ಲ. ಕುಸುಮಾ ಮೇಡಂ ಅವಳಿಗೆ ಬಯ್ಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಖಾಲಿ ಕೋಣೆಯಲ್ಲಿ ತಾವೇ ನಂಜುಂಡಪ್ಪನಾಗಿ ಕುಳಿತುಕೊಂಡರಂತೆ. “ಈಗ ಕೇಳು” ಎಂದರಂತೆ. ಅವಳು ಕೇಳಿದರೆ, “ಬಾಗಿಲು ತೆಗೆದೇ ಇದೆ, ಮತ್ತೆ ಕೇಳು. ನೀನು ನಿಂತಿದೀಯ, ನಾನು ಕೂತಿದೀನಿ, ಮತ್ತೆ ಕೇಳು. ನಾನು ಮಾತು ಬದಲಾಯಿಸ್ತೀನಿ, ಏನು ಮಾಡ್ತೀಯ?” ಹೀಗೆ ದಿನವೂ ಅರ್ಧ ಗಂಟೆ. ಮೇಡಂ ನನ್ನ ಹಾಗೆ ಒಮ್ಮೆ ಕೂಗಿಯೂ ಕೂಗಿದರಂತೆ. ಪಕ್ಕದ ತರಗತಿಯವರು ಓಡಿ ಬಂದರಂತೆ. ಇನ್ನು ಗುರುದೇವಿ, ಯಾರೂ ಹೇಳದೆ, ಹಾಸ್ಟೆಲಿನಲ್ಲಿ ತನ್ನ ಎಡಗೈಯನ್ನು ವೇಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಮೂರು ದಿನ ಕಳೆದಳಂತೆ. “ಎರಡನೇ ದಿನ ಅತ್ತಬಿಟ್ಟೆ ನೋಡ್ರಿ” ಎಂದಳು.

ಎರಡು ತಿಂಗಳು ಅವಳು ನನಗೆ ಕಲಿಸಿದಳು. ಬಲಗೈಯ ಬಗ್ಗೆ ನನ್ನ ಹಟವನ್ನು ಅವಳು ಪ್ರಶ್ನಿಸಲಿಲ್ಲ. “ನಿಮ್ಮ ಮನಸ್ಸಿಗೆ ಬ್ಯಾಡ ಅಂದ್ರ ಬ್ಯಾಡ, ನೀರಿನ ಕಡಿಂದ ಮಾಡಿಸೂಣು” ಎಂದು ಕಮೋಡಿನ ಬಲಗಡೆಗೆ ನೀರು ಚಿಮ್ಮುವ ಕೈಪೈಪು ಹಾಕಿಸಿದಳು. ಒರಗಿಕೊಳ್ಳಲು ಗೋಡೆಗೆ ಕಂಬಿ ಹಾಕಿಸಿದಳು. ಪಂಚೆ ಬಿಡಿಸಿ, ಸೊಂಟಕ್ಕೆ ಎಲಾಸ್ಟಿಕ್ ಇರುವ ಪೈಜಾಮ ಹೊಲಿಸಿದಳು. ಕುರ್ಚಿಯ ಮೇಲೆ ಕೂರಿಸಿ, ಒಂದು ಮಗ್ಗುಲಿಗೆ ವಾಲುವುದು, ಬೀಳದೆ ನೇರವಾಗುವುದು, ಮತ್ತೆ ವಾಲುವುದು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದವನಿಗೆ ನಿಂತ ಕುರ್ಚಿಯ ಮೇಲೆ ಸಮತೋಲನದ ಪಾಠ! ಆದರೆ ಅವಳು ಒಂದು ದಿನವೂ ನಗಲಿಲ್ಲ, ನಾನು ನಕ್ಕಾಗ ಮಾತ್ರ ನಕ್ಕಳು. ಅಷ್ಟರಲ್ಲಿ ನಾನು ‘ಸರ್’ ಹೋಗಿ ‘ಅಜ್ಜಾರ’ ಆಗಿದ್ದೆ.

ಒಂದು ಗುರುವಾರ ಬೆಳಗ್ಗೆ ಒಳಗೆ ಹೋದೆ. ಚಿಲಕ ಹಾಕಬಾರದು ಎಂದು ಅವಳ ಕಟ್ಟಪ್ಪಣೆ. ನಾನು ಹಾಕಿಕೊಂಡೆ. ಹೊರಗಿನಿಂದ ವಿಮಲಮ್ಮ, “ಚಿಲಕ ಹಾಕ್ಕೊಂಡ್ರಾ?” ಎಂದರು. “ಹಾಕ್ಕೊಂಡೆ ಕಣೇ” ಎಂದೆ. ಇಪ್ಪತ್ತೈದು ನಿಮಿಷವಾಯಿತು. ಹೊರಗೆ ಬಂದೆ, ನಾನೇ ತೊಳೆದುಕೊಂಡು, ನಾನೇ ಬಟ್ಟೆ ಏರಿಸಿಕೊಂಡು. ವಿಮಲಮ್ಮ ಸಂತೋಷದಿಂದ ಏನಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟು: “ನಾನು ಕೆಂಗೇರಿಗೆ ತಂಗಿ ಮನೆಗೆ ಹೋಗಿ ಎರಡು ದಿನ ಇದ್ದು ಬರ್ಲಾ?”

ಕೆಂಗೇರಿ ನಮ್ಮ ಮನೆಯಿಂದ ಎಷ್ಟು ದೂರ? ದಿನಕ್ಕೆ ಆರು ಸಲ ಹೋಗಿ ಬಂದವನು ನಾನು. ಅವರಿಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ತಂಗಿಯ ಮಗಳ ಸೀಮಂತ ಮುಗಿದಿತ್ತು, ಮಗುವಿನ ನಾಮಕರಣವೂ ಮುಗಿದಿತ್ತು. ನನಗೆ ಹೇಳಿಯೇ ಇರಲಿಲ್ಲ. ವಿಮಲಾ, ಹಾಗೆ ನೋಡಬೇಡ, ಇನ್ನು ಎಳೆಯುವುದಿಲ್ಲ.

ಇಷ್ಟು ಹೇಳಿ ಕೂರಬಹುದಿತ್ತು. ಹೋದ ತಿಂಗಳು ಈ ಸಮಾರಂಭದ ಆಮಂತ್ರಣ ಪತ್ರಿಕೆ ಬಂತು. ಗುರುದೇವಿಯ ಹೆಸರು ಪಟ್ಟಿಯ ಕೊನೆಯಲ್ಲಿ ಬೇರೆಯಾಗಿ ಇತ್ತು. ಅವಳ ಜೊತೆಯವರೆಲ್ಲ ಹಿಂದಿನ ವರ್ಷವೇ ಮುಗಿಸಿ ಹೋಗಿದ್ದರು. ಫೋನ್ ಮಾಡಿ, “ಯಾಕಮ್ಮ ಹಿಂದೆ ಉಳಿದೆ?” ಎಂದು ಕೇಳಿದೆ. “ರೋಗಿಗಳನ್ನ ನೋಡೂ ಒಂದು ಪೋಸ್ಟಿಂಗ್ ಮತ್ತ ಮಾಡಬೇಕಾತ್ರಿ ಅಜ್ಜಾರ. ಹೋಗ್ಲಿ ಬಿಡ್ರಿ, ಛಲೋನ ಆತು” ಎಂದಳು.

ಕುಸುಮಾ ಮೇಡಂ ಅವರನ್ನು ಕೇಳಿದೆ. ಅವರು ಮೊದಲು ಹೇಳಲಿಲ್ಲ, ಪಟ್ಟು ಹಿಡಿದ ಮೇಲೆ ಹೇಳಿದರು. ನನ್ನ ದೂರಿನ ವಿಚಾರಣೆ ನಡೆದ ಆ ಮೂರು ವಾರದ ಹಾಜರಿ ಕಡಿಮೆ ಬಿತ್ತು. ಆ ಪೋಸ್ಟಿಂಗ್ ಮತ್ತೆ ಮಾಡಿ ಮುಗಿಸುವವರೆಗೆ ಪರೀಕ್ಷೆಗೆ ಕೂರಲು ಆಗಲಿಲ್ಲ. ಆರು ತಿಂಗಳು ಹೋಯಿತು. “ನನಗ್ಯಾಕೆ ಹೇಳಲಿಲ್ಲ ಮೇಡಂ?” ಎಂದೆ. “ದೂರು ಕೊಡೋದು ನಿಮ್ಮ ಹಕ್ಕು ಸರ್. ಅದರ ಭಾರ ನಿಮ್ಮ ಮೇಲೆ ಹಾಕಿದ್ರೆ, ನಾಳೆ ಯಾವ ರೋಗಿನೂ ನಮ್ಮ ಬಗ್ಗೆ ಬಾಯಿ ಬಿಡಲ್ಲ” ಎಂದರು.

ಮಕ್ಕಳೇ, ಇಂಥವರ ಕೈಕೆಳಗೆ ನೀವು ಕಲಿತಿದ್ದೀರಿ. ನಾಲ್ಕೂವರೆ ವರ್ಷ ಸ್ನಾಯು, ನರ, ಮೂಳೆ ಎಲ್ಲ ಓದಿದ್ದೀರಿ. ಅದು ನನಗೆ ತಿಳಿಯದ ವಿದ್ಯೆ. ನನಗೆ ತಿಳಿದದ್ದು ಒಂದೇ. ನಿಮ್ಮ ಮುಂದೆ ಬಂದು ಕೂರುವವನು ಸುಳ್ಳು ಹೇಳುತ್ತಾನೆ. ಕಾಲುನೋವು ಎನ್ನುತ್ತಾನೆ, ಏನೂ ಇಲ್ಲಮ್ಮ ಎನ್ನುತ್ತಾನೆ. ಬಾಗಿಲು ಮುಚ್ಚಿ, ಅವನ ಪಕ್ಕದಲ್ಲಿ ಕುಳಿತು, ಮತ್ತೆ ಕೇಳಿ.

ಪ್ರಾಂಶುಪಾಲರೇ, ನನ್ನ ದೂರನ್ನು ನಾನು ವಾಪಸು ಪಡೆದಿರುವ ಪತ್ರ ಬೆಳಗ್ಗೆ ನಿಮ್ಮ ಕಚೇರಿಗೆ ಮುಟ್ಟಿದೆ. ಅವಳು ಕಳೆದುಕೊಂಡ ಆರು ತಿಂಗಳನ್ನು ಅದು ವಾಪಸು ತರುವುದಿಲ್ಲ ಎಂದು ನನಗೆ ಗೊತ್ತು.

ಕೊನೆಯದಾಗಿ, ಮೊದಲನೇ ಸಾಲಿನಲ್ಲಿ ಕುಳಿತಿರುವ ಆ ತಾಯಿಗೆ ಒಂದು ಮಾತು. ಅವರು ಗುರುದೇವಿಯ ತಾಯಿ ಹೊನ್ನವ್ವನವರು. ಬೆಳಗ್ಗೆ ಬಾಗಿಲಲ್ಲಿ ಪರಿಚಯವಾದಾಗ ಅವರು ನನಗೆ ಹೇಳಿದರು: “ನಮ್ಮ ಹುಡುಗಿ ಒಮ್ಮೆ ನಪಾಸಾದ್ಲ್ರೀ ಯಪ್ಪಾ. ಊರಾಗ ಮಂದಿ ಆಡ್ಕೊಂಡ್ರು. ಈಗ ಪಾಸಾದ್ಲು, ದೇವ್ರು ದೊಡ್ಡಾವ.” ಮಗಳು ಕಾರಣ ಹೇಳಿಲ್ಲ. ಅಮ್ಮನಿಗೂ ನನ್ನ ಹೆಸರು ಬಿಟ್ಟುಕೊಟ್ಟಿಲ್ಲ.

ಹೊನ್ನವ್ವ ತಾಯಿ, ನಿಮ್ಮ ಮಗಳು ಯಾವತ್ತೂ ನಪಾಸಾಗಲಿಲ್ಲ. ಊರಿಗೆ ಹೋದ ಮೇಲೆ ಯಾರಾದರೂ ಕೇಳಿದರೆ ಹೇಳಿ. ಬೆಂಗಳೂರಿನ ಕುರುಬರಹಳ್ಳಿಯಲ್ಲಿ ನಂಜುಂಡಪ್ಪ ಎಂಬ ಒಬ್ಬ ಮನುಷ್ಯ ನಾಚಿಕೆಗೆ ಹೆದರಿ ಅವಳನ್ನು ಆರು ತಿಂಗಳು ತಡೆದು ನಿಲ್ಲಿಸಿದ, ಆ ಆರು ತಿಂಗಳಲ್ಲೇ ಅವಳು ಅವನನ್ನು ಅವನ ಕಾಲ ಮೇಲೆ ನಿಲ್ಲಿಸಿದಳು ಎಂದು ಹೇಳಿ. ಹೆಸರು ಹಿಡಿದೇ ಹೇಳಿ.

ಹತ್ತು ನಿಮಿಷ ಕೊಟ್ಟವರು ಇಪ್ಪತ್ತು ನಿಮಿಷ ಸಹಿಸಿದ್ದೀರಿ, ಅದಕ್ಕೆ ಕೃತಜ್ಞ. ಹೊರಡುತ್ತಿರುವ ಮಕ್ಕಳೆಲ್ಲರಿಗೂ, ಅವರನ್ನು ಕಳಿಸಿಕೊಟ್ಟ ಮನೆಗಳಿಗೂ ನನ್ನ ನಮಸ್ಕಾರ.