ಮಮದಾಪುರದ ಇನ್ನೊಬ್ಬ ಶಿವವ್ವ

ಹಲೋ… ಹಲೋ, ಯಾರ್ರಿ ಮಾತಾಡಾಕತ್ತಿದ್ದು?… ಕಂಪೌಂಡರ ಏನ್ರಿ?… ದೊಡ್ಡ ಡಾಕ್ಟರ ಅದಾರೇನ್ರಿ, ತಾತ್ಯಾಸಾಹೇಬ್ರು?… ಹಾಂ, ಅವರನ್ನ ಕರೀರಿ. ಮಹಾವೀರ ಅಂತ ಹೇಳ್ರಿ. ಅವರ ಕೈಕೆಳಗಿನ ಡಾಕ್ಟರ. ಗೋಕಾಕದಿಂದ ಟ್ರಂಕ್ ಕಾಲ್ ಐತಿ ಅನ್ರಿ.

…

ಸಾಹೇಬ್ರ, ನಮಸ್ಕಾರ್ರಿ. ನಾನು, ಮಹಾವೀರ… ಇಲ್ರಿ, ಹುಕ್ಕೇರಿಯಾಗಿಲ್ಲ. ಗೋಕಾಕಕ್ಕ ಬಂದೇನಿ, ಪೋಸ್ಟ್ ಆಫೀಸಿನಾಗ ನಿಂತೇನಿ… ಆರಾಮ ಅದಾರ್ರಿ, ಮನಿಯಾಗ ಎಲ್ಲಾರೂ ಆರಾಮ ಅದಾರ. ಅದಕ್ಕಲ್ರಿ ಫೋನ್ ಹಚ್ಚಿದ್ದು.

ನಾಳಿನ ಪಾಠದ್ದು… ಹಾಂ, ಹುಡುಗರಿಗೆ ಭ್ರಮಿ ಬಗ್ಗೆ ಹೇಳೂದೈತಲ್ರಿ, ಅದ. ಯಾವ ಪೇಷಂಟನ್ನ ಕರಸ್ತೀರಿ ಕ್ಲಾಸಿಗೆ?… ಶಿವವ್ವನ್ನ… ಹಾಂ. ಅದನ್ನ ಕೇಳಬೇಕಂತ ಮಾಡಿದ್ನಿ.

ಕರಸಬ್ಯಾಡ್ರಿ, ಸಾಹೇಬ್ರ.

…

ಜಡ್ಡು ಏನೂ ಆಗಿಲ್ರಿ ಆಕಿಗೆ. ನಾ ಊರಿಗೆ ಹೊಂಟ ದಿನಾನೂ ವರಾಂಡಾದಾಗ ಕುಂತು ಕೌದಿ ಹೊಲಿಯಾಕತ್ತಿದ್ಲು… ಯಾಕಂದ್ರ, ಹ್ಯಾಂಗ ಹೇಳ್ಲಿ… ಆಕಿ ಹೇಳೂದು ಖರೆ ಐತ್ರಿ.

…

ಹೌದ್ರಿ, ಖರೆ ಐತಿ… ಲೈನ್ ಸರಿ ಐತ್ರಿ, ನೀವು ಕೇಳಿದ್ದೂ ಸರಿ ಐತಿ. ಮಮದಾಪುರದಾಗ ಇನ್ನೊಬ್ಬ ಶಿವವ್ವ ಅದಾಳ. ನಾ ನೋಡಿ ಬಂದ್ನಿ. ಆಕಿ ಕೈಯಾಗಿನ ರೊಟ್ಟಿ ಉಂಡು ಬಂದ್ನಿ.

…

ಇಲ್ರಿ, ಚ್ಯಾಷ್ಟಿ ಅಲ್ಲ. ನಾ ಯಾವಾಗ ಚ್ಯಾಷ್ಟಿ ಮಾಡೇನ್ರಿ ನಿಮ್ಮ ಮುಂದ.

ನೀವು ಪ್ರತಿ ವರ್ಷ ಹುಡುಗರ ಮುಂದ ಆಕಿನ್ನ ಕುರ್ಚಿ ಮ್ಯಾಲ ಕೂಡಸ್ತೀರಿ. ‘ನಿಮ್ಮ ಮನಿಯಾಗ ಈಗ ಯಾರ್ಯಾರು ಅದಾರವ್ವಾ?’ ಅಂತ ಕೇಳ್ತೀರಿ. ಆಕಿ ಅಂತಾಳ, ‘ಗಂಡ ಅದಾನ, ಮಕ್ಕಳದಾವು, ಶಿವವ್ವ ಅದಾಳ. ನನ್ನ ಹೆಸರು ಇಟ್ಟುಕೊಂಡು ನನ್ನ ಒಲಿ ಮುಂದ ಕುಂತಾಳ. ನನ್ನ ಮಕ್ಕಳು ಆಕಿನ್ನ ಅವ್ವ ಅಂತಾವು. ನಾ ಸತ್ತೇನಂತ ಊರಿಗೆ ಹೇಳ್ಯಾರ.’ ಹುಡುಗರು ನಗ್ತಾರ. ನೀವು ಅವರನ್ನ ಸುಮ್ಮಗ ಮಾಡಿ ಹೇಳ್ತೀರಿ, ನೋಡ್ರಿ, ಮಾತು ಎಷ್ಟು ನೆಟ್ಟಗ ಐತಿ, ನಡತಿ ಎಷ್ಟು ಸಮಾಧಾನ ಐತಿ, ಇದೊಂದು ನಂಬಿಕಿ ಮಾತ್ರ ಅಲಗಾಡೂದಿಲ್ಲ, ಇದಕ್ಕ ಭ್ರಮಿ ಅಂತಾರ… ಹೌದ್ರಿ, ಛಂದ ಹೇಳ್ತೀರಿ. ನಾನೂ ಆ ಬಾಕಿನ ಮ್ಯಾಲ ಕುಂತು ಕಲತಾಂವ.

…

ಹ್ಯಾಂಗ ಹೋದ್ನಿ ಅಂದ್ರ… ಆಕೀನ ಕಳಿಸಿದ್ದು. ನಾ ರಜಾದ ಮ್ಯಾಲ ಹೊಂಟೇನಂತ ಗೊತ್ತಾಗಿತ್ತು. ‘ಡಾಕ್ಟರ್ರ, ನೀವು ಹುಕ್ಕೇರಿ ಕಡ್ಯಾವ್ರು, ನನ್ನ ತವರೂರು ದಡ್ಡಿ ನಿಮ್ಮ ತಾಲೂಕಿನಾಗ ಬರ್ತೈತಿ. ಒಮ್ಮಿ ಮಮದಾಪುರಕ್ಕ ಹೋಗ್ರಿ. ಬಾವಿ ಕಡೆ ಯಾರನ್ನಾರ ಶಿವವ್ವನ ಮನಿ ಯಾವದು ಅಂತ ಕೇಳ್ರಿ. ಆ ಹೆಸರಿನಾಕಿ ಇಲ್ಲಿಲ್ಲ, ದವಾಖಾನ್ಯಾಗ ಅದಾಳ ಅಂದ್ರ, ಬಂದು ಹೇಳ್ರಿ. ಅವತ್ತಿಂದ ನೀವು ಹೇಳಿದಂಗ ನಾ ಅಂತೇನಿ’ ಅಂದ್ಲು.

…

ಹೋದ್ನಿ. ಆಕಿ ಹೇಳಿದಂಗ ಕೇಳಿದ್ನಿ. ನೀರಿಗೆ ಬಂದ ಹೆಣಮಗಳೊಬ್ಬಾಕಿ ಕೈ ಮಾಡಿ ತೋರಿಸಿದ್ಲು, ‘ರಾಚಪ್ಪನ ಹೇಣ್ತಿ ಶಿವವ್ವನ ಮನಿ ಅಲ್ಲೈತ್ರಿ, ಊರ ಅಗಸಿ ಬಾಜೂಕ.’ ಆಕಿ ಮನಿಯಾಗ ಅದಾಳೇನು ಅಂದ್ನಿ. ‘ಈಗರ ಕೊಡಾ ಹೊತಗೊಂಡು ಹೋದ್ಲು’ ಅಂದ್ಲು.

…

ಏನೂ ಅನಸಲಿಲ್ರಿ ನನಗ. ಕಾಲು ನಡದ್ವು, ನಾ ಹೋದ್ನಿ. ಬಾಗಲದಾಗ ನಿಂತು ಶಿವವ್ವ ಅದಾರೇನ್ರಿ ಅಂತ ಕರದ್ನಿ. ಒಬ್ಬ ಹೆಣಮಗಳು ಸೆರಗಿಗೆ ಕೈ ಒರಸಿಕೋತ ಹೊರಗ ಬಂದು, ‘ನಾನ ಶಿವವ್ವ, ಬರ್ರಿ, ಯಾರು ಬೇಕಾಗಿತ್ತು?’ ಅಂದ್ಲು.

…

ಗಂಡ ರಾಚಪ್ಪನೂ ಸಿಕ್ಕ. ಹೊಲದಿಂದ ಬಂದ. ನಾ ನಮ್ಮ ಹುಚ್ಚರ ದವಾಖಾನಿ ಹೆಸರು ಹೇಳಿದ ಕೂಡ್ಲೆ ಅಲ್ಲೇ ಕಟ್ಟಿ ಮ್ಯಾಲ ಕುಂತುಬಿಟ್ಟ. ಮುಚ್ಚಿಡಲಿಲ್ರಿ. ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟ. ತಲಿ ಮಾತ್ರ ಎತ್ತಲಿಲ್ಲ.

…

ಹೇಳ್ತೇನ್ರಿ. ಎರಡನೇ ಕೂಸು ಹುಟ್ಟಿದಾಗ ಶಿವವ್ವಗ ಬಾಣಂತಿ ಸನ್ನಿ ಆತು. ಅದು ನಮಗ ಗೊತ್ತಿದ್ದದ್ದ ಐತಿ. ಕೂಸಿನ್ನ ಬಾವಿಗೆ ಒಯ್ದಿದ್ಲಂತ. ಹೆದರಿ ನಮ್ಮಲ್ಲಿ ತಂದು ಬಿಟ್ರು. ಮನಿಯಾಗ ಹಾಲು ಕುಡಿಯೂ ಕೂಸು, ಒಂದು ಸಣ್ಣ ಹುಡುಗಿ, ಕಣ್ಣು ಕಾಣದ ಮುದಕಿ, ರಾಚಪ್ಪನ ತಾಯಿ ಕೆಂಚವ್ವ. ಇನ್ನೊಂದು ಮದಿವಿ ಮಾಡಬೇಕಂದ್ರು. ಹುಚ್ಚಿಡಿದ ಹೇಣ್ತಿ ಇದ್ದ ಮನಿಗೆ ಹೆಣ್ಣು ಕೊಡಾಕ ಯಾರೂ ಒಪ್ಪಲಿಲ್ಲ. ಅದಕ್ಕ, ದವಾಖಾನ್ಯಾಗ ಸತ್ಲು ಅಂದ್ರು. ಶಿವಗಣಾರಾಧನೆನೂ ಮಾಡಿ ಊರಿಗೆ ಸಾವಿನ ಊಟ ಉಣಿಸ್ಯಾರ.

…

ಹಾಂ, ಜೀವಂತ ಇರೂ ಮುಂದನ.

…

ಹೆಸರಾ?… ಅದು ಮೋಸಕ್ಕ ಇಟ್ಟದ್ದಲ್ರಿ. ಕೆಂಚವ್ವ ಮುದಕಿ, ಕಣ್ಣಿಲ್ಲ. ಹೊಸಾ ಸೊಸಿನ್ನೂ ‘ಶಿವವ್ವಾ’ ಅಂತ ಕರಿಯಾಕತ್ಲು. ಎಷ್ಟು ಹೇಳಿದ್ರೂ ಬಾಯಿ ತಿರುಗಲಿಲ್ಲ. ಕಡೀಕ ಎಲ್ಲಾರೂ ಹಂಗ ಕರದ್ರು. ಮುದಕಿ ಸತ್ತು ಹೋದ್ಲು, ಹೆಸರು ಉಳೀತು.

…

ಅದನ್ನ ನಾನೂ ಕೇಳಿದ್ನಿ. ದವಾಖಾನ್ಯಾಗಿನ ಶಿವವ್ವಗ ಇದೆಲ್ಲಾ ಹ್ಯಾಂಗ ಗೊತ್ತಾತು ಅಂತ… ರಾಚಪ್ಪನ ಹೇಳ್ಯಾನ್ರಿ. ಮದಿವಿ ಆದ ಮ್ಯಾಲ ಒಮ್ಮಿ ಬಂದಿದ್ನಂತ, ಭೇಟಿಗೆ. ಬ್ಯಾರೆ ಯಾರ ಬಾಯಿಂದನೋ ಕೇಳೂದು ಬ್ಯಾಡಂತ ತಾನ ಹೇಳಿದ. ‘ನೀ ಸತ್ತಿ ಅಂತ ಊರಿಗೆ ಹೇಳೇನಿ, ಇನ್ನೊಬ್ಬಾಕಿನ್ನ ತಂದೇನಿ, ಆಕಿನ್ನೂ ಶಿವವ್ವ ಅಂತಾರ, ಮಕ್ಕಳ ಕಾಳಜಿ ಬ್ಯಾಡ ನಿನಗ.’ ಹಂಗಂದು ಗಾಡಿ ಹತ್ತಿದ. ಮತ್ತ ಬರಲಿಲ್ಲ.

ಆಕಿ ಮರುದಿನ ರೌಂಡಿಗೆ ಬಂದ ಡಾಕ್ಟರಗ ಹೇಳ್ಯಾಳ. ಅವತ್ತಿಂದ ಅದು ಭ್ರಮಿ ಆತು.

…

ಹಾಂ, ಕೇಸ್ ಪೇಪರಿನಾಗ ಹಂಗ ಬರದೈತ್ರಿ.

…

ಇಲ್ರಿ, ನಿಮ್ಮ ಮ್ಯಾಲ ಹೊರಸಾಕ ಫೋನ್ ಹಚ್ಚಿಲ್ಲ. ಯಾರ ಮ್ಯಾಲೂ ಇಲ್ಲ. ಆ ಸಿಟ್ಟು ಬರಬೇಕಿತ್ತು, ಬರವಲ್ದು. ನಿನ್ನಿಯಿಂದ ಒಂಥರಾ ಮರಗಟ್ಟಿದಂಗ ಐತಿ.

…

ರಾಚಪ್ಪ ಕರಕೊಂಡು ಹೋಗೂದಿಲ್ರಿ. ಕೇಳಿದ್ನಿ. ‘ಸತ್ತಾಳಂತ ಊರಿಗೆ ಉಣಿಸೇನಿ, ಇನ್ನ ಬದಕ್ಯಾಳಂತ ಯಾವ ಬಾಯಲೆ ಹೇಳ್ಲಿ?’ ಅಂದ. ಅಷ್ಟ ಅಂದ.

ಆ ಎರಡನೇ ಶಿವವ್ವಗ ಏನೂ ಗೊತ್ತಿರಲಿಲ್ಲ. ಮೊದಲಿನಾಕಿ ಸತ್ತಾಳ ಅಂತ ತಿಳಕೊಂಡು ಇಷ್ಟು ವರ್ಷ ಬಾಳೇ ಮಾಡ್ಯಾಳ. ನಾ ಹೇಳೂದನ್ನ ಬಾಗಲ ಮರಿಗೆ ನಿಂತು ಕೇಳಿದ್ಲು. ಅಳಲಿಲ್ಲ. ‘ನೀವು ಜೈನರು, ಹೊತ್ತು ಮುಳಗೂದ್ರಾಗ ಉಣ್ಣಬೇಕಲ್ರಿ’ ಅಂತ ಒಳಗ ಹೋಗಿ ರೊಟ್ಟಿ ಬಡದ್ಲು, ಬಡಿಸಿದ್ಲು. ನಾ ಉಂಡ್ನಿ. ನೀರು ಕೊಡೂ ಮುಂದ ಮೆಲ್ಲಕ ಹೇಳಿದ್ಲು, ‘ಮೊದಲಿನಾಕಿ ಮಗಳು ಮೂಡಲಗಿಯಾಗ ಅದಾಳ, ಶಂಕ್ರವ್ವ ಅಂತ. ಎಣ್ಣಿ ಗಾಣದ ಸತ್ತೆಪ್ಪನ ಮನಿ ಅನ್ರಿ, ತೋರಸ್ತಾರ. ಆಕಿ ನನ್ನ ಎಂದೂ ನಂಬಲಿಲ್ಲ. ಹೋಗಿ ಹೇಳ್ರಿ.’ ರಾಚಪ್ಪ ಬ್ಯಾಡ ಅಂತ ಕೈ ಮಾಡಿದ. ಆಕಿ ನೋಡಿದ್ಲು, ಆದರೂ ಹೇಳಿದ್ಲು.

…

ಹೋದ್ನಿ, ಮೂಡಲಗಿಗೂ ಹೋದ್ನಿ. ಶಂಕ್ರವ್ವ ಈಗ ನನ್ನ ಬಾಜೂಕನ ಅದಾಳ್ರಿ. ಇಲ್ಲೇ ಪೋಸ್ಟಿನ ಬಾಕಿನ ಮ್ಯಾಲ ಕುಂತಾಳ. ನಾ ಹೇಳೂದನ್ನೆಲ್ಲಾ ಕೇಳಾಕತ್ತಾಳ.

ಹೊಸಾ ಅವ್ವ ಬಂದಾಗ ಈ ಹುಡುಗಿ ಓಣಿ ತುಂಬ ಹೇಳಿತ್ತಂತ, ‘ಇಕಿ ನಮ್ಮ ಅವ್ವ ಅಲ್ಲ, ನಮ್ಮ ಅವ್ವ ಸತ್ತಿಲ್ಲ’ ಅಂತ. ದೆವ್ವ ಬಡದೈತಿ ಅಂದ್ರು. ತಾಯಿದು ಮಗಳಿಗೆ ಇಳದೈತಿ ಅಂದ್ರು. ಹಣಿಗೆ ಅಂಗಾರ ಹಚ್ಚಿದ್ರು, ತಾಯತ ಕಟ್ಟಿದ್ರು, ಬಡದ್ರು. ಬಾಯಿ ಮುಚ್ಚಿದ ಮ್ಯಾಲ ನೆಟ್ಟಗಾತು ಅಂದ್ರು.

…

ಹೌದ್ರಿ. ನಾವೂ ಅದನ್ನ ಮಾಡೇವಿ. ಬಡದಿಲ್ಲ, ಅಷ್ಟ.

…

ಅವ್ವನ್ನ ನಾ ಕರಕೊಂಡು ಹೋಗ್ತೇನಿ ಅಂತಾಳ್ರಿ ಶಂಕ್ರವ್ವ, ಮೂಡಲಗಿಗೆ. ಗಂಡ ಸತ್ತೆಪ್ಪನೂ ಹೂಂ ಅಂದಾನ. ‘ನಮ್ಮ ಮನಿಯಾಗ ಹೆಸರಿನ ತಂಟೆ ಇಲ್ಲ, ಕರಕೊಂಡು ಬಾ’ ಅಂದಾನ. ನಾಳೆ ಗೋಕಾಕ ರೋಡ ಸ್ಟೇಶನ್ನಿನಾಗ ಗಾಡಿ ಹಿಡೀತೇವಿ. ಲಡಾಯಿ ಕಾಲ, ಗಾಡಿ ತುಂಬ ಸಿಪಾಯರು. ಜಾಗಾ ಸಿಕ್ಕರ ಸಂಜಿಗೆ ಬಂದು ಮುಟ್ಟತೇವಿ. ನೀವು ಬಿಡುಗಡಿಗೆ ಸಹಿ ಮಾಡಬೇಕು… ಮಾಡ್ತೀರಿ?… ಹಾಂ. ಬಾಳ ಉಪಕಾರ ಆತ್ರಿ.

ಮತ್ತ ನಾಳಿನ ಕ್ಲಾಸು?… ತಗೋತೀರಿ?… ಏನ್ ಕಲಸ್ತೀರಿ?… ಇದನ್ನ? ಇದನ್ನ ಅಂದ್ರ… ನೀವ ನಿಂತು ಹೇಳ್ತೀರಿ, ನಾವು ಯಾರೂ ಹೋಗಿ ಕೇಳಲಿಲ್ಲ ಅಂತ?… ಹುಡುಗರ ಮುಂದ?…

ಹಾಂ. ಹಂಗಾರ ಆಗಲಿ.

…

ಈಗನ?… ಅಲ್ಲೇ ವರಾಂಡಾದಾಗ ಅದಾಳಾ?… ನೀವ ಹೇಳ್ರಿ, ಸಾಹೇಬ್ರ. ನಿಮ್ಮ ಬಾಯಿಂದ ಕೇಳಿದ್ರ… ನಿಮ್ಮ ಕಡಿಂದ ಆಗೂದಿಲ್ಲ?… ಇಲ್ರಿ, ತಪ್ಪ ತಿಳಕೊಳ್ಳೂದಿಲ್ಲ. ಕರೀರಿ. ನಾ ಹೇಳ್ತೇನಿ.

…

ಆಪರೇಟರ್ ಸಾಹೇಬ್ರ, ಇನ್ನೊಂದು ಸ್ವಲ್ಪ ಲೈನ್ ಇಡ್ರಿ. ಕೈ ಮುಗೀತೇನಿ.

…

ಶಿವಕ್ಕಾ?… ಕಿವಿಗೆ ಹಿಡ್ಕೋರಿ, ಹಂಗ… ಹಾಂ, ನಾನ. ಮಹಾವೀರ ಡಾಕ್ಟರ. ಅದರಾಗಿಂದ ಬರೂದು ನನ್ನ ದನಿ, ಹೆದರಬ್ಯಾಡ್ರಿ. ನಾ ಮಮದಾಪುರಕ್ಕ ಹೋಗಿದ್ನಿ.

…

ಬಾವಿ ಕಡೆನ ಕೇಳಿದ್ನಿ, ಶಿವಕ್ಕಾ. ನೀವು ಹೇಳಿದಂಗ ಐತಿ. ಎಲ್ಲಾ ಖರೆ ಐತಿ.

…

ಹೌದು… ಹೌದ್ರಿ, ದೊಡ್ಡ ಡಾಕ್ಟರಗೂ ಹೇಳೇನಿ. ಅವರೂ ನಂಬ್ಯಾರ… ಕುಂಡ್ರರಿ, ಬಾಜೂಕ ಕುರ್ಚಿ ಇದ್ದರ ಕುಂಡ್ರರಿ.

…

ನಿಮ್ಮ ಅತ್ತಿ ಹೋದ್ರು, ಶಿವಕ್ಕಾ… ಹಾಂ, ಬಾಳ ವರ್ಷ ಆತಂತ.

…

ಆಕಿದಾ?… ಮೊದಲಿನ ಹೆಸರು?… ಮಾಯವ್ವ. ಮಾಯವ್ವ ಅಂತ ತವರಮನಿ ಹೆಸರು. ಮಮದಾಪುರದಾಗ ಹಂಗ ಯಾರೂ ಕರದಿಲ್ಲಂತ… ಛಲೋ ಹೆಂಗಸ್ರಿ. ಆಕೀನ ನನ್ನ ಮೂಡಲಗಿಗೆ ಕಳಿಸಿದ್ಲು.

…

ಮೂಡಲಗಿಯಾಗ ಶಂಕ್ರವ್ವ ಅದಾಳ. ನಿಮ್ಮ ಶಂಕ್ರಿ. ಇಲ್ಲೇ ಅದಾಳ್ರಿ, ನನ್ನ ಬಾಜೂಕ. ಕೊಡ್ತೇನಿ, ಇರ್ರಿ.

ತಗೋ, ಶಂಕ್ರವ್ವ. ಇಲ್ಲಿ ಬಾಯಿ ಇಟ್ಟು ಮಾತಾಡು, ಇದನ್ನ ಕಿವಿಗೆ ಹಿಡಿ. ಏನ ಹೇಳಬೇಕಂತ ವಿಚಾರ ಮಾಡಬ್ಯಾಡ.

…

ಅವ್ವಾ… ನಾ, ಶಂಕ್ರಿ.

…

ಹಾಂ… ದೊಡ್ಡಾಕಿ ಆಗೇನಿ. ಮದಿವಿ ಆಗೇತಿ. ಎಣ್ಣಿ ಗಾಣದ ಮನಿಗೆ ಕೊಟ್ಟಾರ… ಆರಾಮ ಅದೇನಿ… ತಮ್ಮನೂ ಆರಾಮ ಅದಾನ. ಅವಗ ಏನೂ ಗೊತ್ತಿಲ್ಲ.

…

ಹೂಂ, ಅಂದೆ. ಆಕಿಗೆ ಅವ್ವ ಅಂದೆ. ಬಾಳ ದಿನ ಅನಲಿಲ್ಲ. ಬಡದ್ರು. ಆಮ್ಯಾಲ ಅಂದೆ.

…

ಸಿಟ್ಟಿಲ್ಲಾ?… ಖರೇನ?…

ಇಲ್ಲ, ಅಳಾಕತ್ತಿಲ್ಲ. ಅಳು ಬರವಲ್ದವ್ವಾ… ನಾಳೆ ಬರ್ತೇನಿ, ಡಾಕ್ಟರ ಜೋಡಿ. ನೀ ಗಂಟು ಕಟ್ಟಿಕೊಂಡು ಕುಂಡ್ರು… ಏನಂದಿ?… ಗಿರಣಿ ಸಪ್ಪಳದಂಗ ಬರಾಕತ್ತೈತಿ… ಇನ್ನೊಮ್ಮಿ ಕರಿ ಅವ್ವಾ, ಕೇಳಸ್ಲಿಲ್ಲ…

ಅವ್ವಾ?… ಹಲೋ?…