ಶಾಂತಿ ಕಾಯುಕೆ ಹೋದವರ ಬಂದೂಕು

ಅಲ್ಲ, ಬಂದೂಕು ಇದ್ದಿತ್ ಮಕ್ಳೇ, ಗುಂಡೂ ಇದ್ದಿತ್, ಹೊಡುಕಾಗ ಅಂದೇಳಿ ಹುಕುಂ, ಅಷ್ಟೆ! ನಿಮ್ಮ ಅಜ್ಜಯ್ಯ ಮಿಲಿಟ್ರಿಯಿಂದ ಕಾಂಗೋ ಅಂಬ ದೇಶಕ್ಕೆ ಹೋದ್ದು ಹಾಂಗೆ. ಅಲ್ಲಿನವ್ರು ತಮ್ಮತಮ್ಮಲ್ಲೇ ಹೊಡ್ಕಂಬುದು, ಇವ್ರು ನೀಲಿ ಟೊಪ್ಪಿ ಹಾಯ್ಕಂಡ್ ನಡುವೆ ನಿಂತ್ಕಂಬುದು. ನಾನಾಗ ಬಸ್ರಿ. ಬಸ್ರಿ ಹೆಂಗ್ಸಿನ ಗಂಡ ಜೀವ ತೆಗೂಕಾಗ, ಗೊತ್ತಿತ್ತಲ್ದಾ? ನಮ್ಮಲ್ಲಿ ಕೋಳಿ ಕೊಯ್ಯುಕೂ ಬಿಡ್ತಿರ್ಲಿಲ್ಲ. ಆದ್ರೂ ನಮ್ಮತ್ತೆ, "ಶಾಂತಿ ಕಾಯುಕಲ್ದಾ, ಹೋಯಿ ಬಾ ಮಗಾ" ಅಂದ್ರು. ನಾನೂ ತಲ್ಲೂರು ತುಂಬ ಹೇಳ್ಕಂಡ್ ತಿರ್ಗ್ದೆ, ನಮ್ಮನೆಯವ್ರು ಇರುವಿನೂ ಸಾಯ್ಸುದಿಲ್ಲ ಅಂದೇಳಿ. ಒಂದ್ ದಿನ ಪಕ್ಕದ್ಮನೆ ಪದ್ದು ಬೇಲಿ ಹತ್ರ ಬಂದ್ಳು. ಅವ್ಳ ಗಂಡ ಬೊಂಬಾಯಲ್ಲಿ ಇನ್ನೊಬ್ಳನ್ನ ಇಟ್ಕಂಡಿದ್ದ, ಅಲ್ಲ, ಇಟ್ಕಂಡದ್ದಲ್ಲ, ತಾಳಿಯೇ ಕಟ್ಟಿದ್ದ, ಅದ್ ಬಿಡಿ. "ಹ್ವಾಯ್ ಗಿರಿಜಕ್ಕ, ಹೋಟ್ಲ್ ರೇಡಿಯೋದಲ್ಲಿ ಬಂತಂಬ್ರು, ನಿಮ್ಮ ಶಾಂತಿಯವ್ರೇ ಮುಂದ್ ನುಗ್ಗಿ ಹೊಡೂಕ್ ಸುರು ಮಾಡಿರಂಬ್ರು! ವಿಮಾನದಿಂದ್ಲೂ ಹೊಡ್ದ್ರಂಬ್ರು!" ಅತ್ತೆ ಮೀನು ಕೊಯ್ತಿದ್ರು, ಕೈ ಅಲ್ಲೇ ನಿಂತಿತ್. ಅವತ್ತಿಂದ ನನ್ನ ಹೊಟ್ಟೆ ಕಂಡ್ರೆ ಮುಖ ತಿರ್ಗ್ಸುದೇ. "ಅವ್ನ್ ಅಲ್ಲಿ ಯಾರ ಜೀವ ತೆಗ್ದನೋ, ಅದು ಇಲ್ಲಿಗೆ ತಾಗತ್ತ್" ಅಂಬ್ರು. ನಂಗೆ ಶಿಶು ಒದ್ರೂ ಹೆದ್ರಿಕೆ, ಒದಿಯದಿದ್ರೂ ಹೆದ್ರಿಕೆ.

ಹೆರಿಗೆ ಆಯ್ತ್. ಅದೇ, ನಿಮ್ಮ ದೊಡ್ಡಪ್ಪ. ಕುತ್ತಿಗೆಲಿ ಕೆಂಪು ಮಚ್ಚೆ. ಪದ್ದುಗೆ ಹಬ್ಬ! "ಅಪ್ಪ ಹೊಡ್ದ ಗುಂಡಿನ ಗುರ್ತು" ಅಂದೇಳಿ ಬಾವಿಕಟ್ಟೆಲಿ ಸಿಕ್ಕಿದವ್ರಿಗೆಲ್ಲ ಹೇಳ್ದ್ಳು. ತೊಟ್ಟಿಲಿಗೆ ಹಾಕೂ ದಿನ ಅತ್ತೆ ಮಗುನ ಮುಟ್ಲೇ ಇಲ್ಲ. "ಅವ್ನ್ ಬರ್ಲಿ, ಅವ್ನ್ ಬಾಯಲ್ಲೇ ಕೇಂತೆ."

ನಿಮ್ಮ ಅಜ್ಜಯ್ಯ ಬಂದ್ರು. ಅತ್ತೆ ಅಂಗ್ಳದಲ್ಲೇ ತಡ್ದು ಕೇಂಡ್ರು, "ಜೀವ ತೆಗ್ದ್ಯಾ ಇಲ್ಲ್ಯಾ?"

"ಸುರುವಿಗೆ ಸುಮ್ನೆ ನಿಂತದ್ದೇ ಅಮ್ಮ. ಜೊತೆಯವ್ರು ಬಿದ್ರೂ ಹೊಡುಕಾಗ ಅಂದ್ರು ಮೇಲಿನವ್ರು. ಕಡಿಗೆ, ದಾರಿ ಬಿಡ್ದಿದ್ರೆ ನುಗ್ಗಿ ಹೊಡೀರಿ ಅಂದ್ರು. ಹೊಡ್ದೆ."

"ಸತ್ರಾ?"

"ಒಬ್ಬ ನನ್ ಕಣ್ಣೆದುರೇ. ಸಣ್ ಪ್ರಾಯ."

ನಾನು ಮಗುನ ಮುಂದ್ ಹಿಡ್ದೆ. ಇವ್ರು ಎರಡೂ ಕೈ ಬೆನ್ನ ಹಿಂದೆ ಕಟ್ಕಂಡ್ ಸರ್ದ್ರು. "ಬ್ಯಾಡ. ಈ ಕೈಯಲ್ಲಿ ಬ್ಯಾಡ." ಬೇಲಿ ಆಚೆ ಪದ್ದು ಕುತ್ತಿಗೆ ಉದ್ದ ಮಾಡ್ಕಂಡ್ ಕಾಣ್ತಿದ್ಳು. ಅತ್ತೆ ಮಗನ ಮುಖ ಕಂಡ್ರು, ಕಂಡ್ರು, ಕಡಿಗೆ ನನ್ನ ಕೈಯಿಂದ ಶಿಶುನ ಕಿತ್ಕಂಡ್ ಇವ್ರ ಎದೆಗೆ ಒತ್ತಿದ್ರು. "ಹಿಡಿ ಮಾರಾಯಾ! ಅಪ್ಪನೇ ಹಿಡೀದಿದ್ರೆ ಇದ್ನ ಮತ್ಯಾರ್ ಹಿಡೀಕ್?" ಅಷ್ಟ್ ಹೇಳಿ ಅಲ್ಲೇ ಕೂತ್ಕಂಡ್ ಗೋಳೋ ಅಂದ್ ಅತ್ತ್ರು.

ಹಾಂಗಾಯಿ ಮಕ್ಳೇ, ಜಗಳ ಬಿಡ್ಸುಕೆ ಹೋತೆ ಅಂದೇಳಿ ಯಾರಾರೂ ಹೊರಟ್ರೆ, ಕೈಯಲ್ಲಿ ಎಂತ ಇತ್ತ್ ಅಂದೇಳಿ ಮೊದ್ಲ್ ಕಾಣಿ.